180ಕ್ಕೆ 148 ಅಂಕ, ಆದರೂ ಪಂಚಮಿಯಲ್ಲಿ ಸೋತೆ

ನವನಗರದ ಮಾಸ್ತರ, ಬಾಗಲಕೋಟೆ
ಸಕ್ಕರೆ ಗಡಿಯಲ್ಲಿದೆ, ತೂಕ ಇಳಿಸಿ ಎಂದಿದ್ದಾರೆ. ಆಹಾರ ತಜ್ಞರು 20 ಪ್ರಶ್ನೆಗಳ ಹಾಳೆ ಕೊಟ್ಟರು. ಸಿಟ್ಟು ಬಂದಾಗ, ಟಿವಿ ನೋಡುವಾಗ, ತಲೆನೋವಿದ್ದಾಗ, ಯಾರಾದರೂ ಒತ್ತಾಯಿಸಿದಾಗ ತಿನ್ನದೆ ಇರಬಲ್ಲೆ ಎಂಬ ಭರವಸೆ ಎಷ್ಟಿದೆಯೆಂದು 0ಯಿಂದ 9ರವರೆಗೆ ಅಂಕ ಹಾಕಬೇಕು. ಮೂವತ್ತು ವರ್ಷ ಮಕ್ಕಳಿಗೆ ಅಂಕ ಹಾಕಿದ ಕೈ, ನನಗೇ ಧಾರಾಳವಾಗಿ 148 ಹಾಕಿಕೊಂಡೆ.

ವಾರದ ನಂತರ ಪಂಚಮಿಗೆ ಅಮೀನಗಡದ ಅತ್ತೆಯ ಮನೆಗೆ ಹೋದೆ. ತಟ್ಟೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ. ಬೇಡವೆಂದೆ. ಅತ್ತೆ ಏನೂ ಅನ್ನಲಿಲ್ಲ. ತಟ್ಟೆಯನ್ನು ಅಲ್ಲಿಯೇ ಇಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತರು. ಐದು ಉಂಡಿ ತಿಂದೆ. ಬರುವಾಗ ಕರದಂಟಿನ ಡಬ್ಬಿಯನ್ನೂ ತಂದೆ. ಈ ಹಾಳೆಗೆ ಏನಾದರೂ ಅರ್ಥವಿದೆಯೇ?

ಗುಮ್ಮಟದೂರಿನವಳು, ವಿಜಯಪುರ
ಇದೆ ಸರ್. ಮನಶ್ಶಾಸ್ತ್ರ ಪಾಠ ಮಾಡುತ್ತೇನೆ, ಆದ್ದರಿಂದ ಸ್ವಲ್ಪ ಉದ್ದವಾದರೆ ಕ್ಷಮಿಸಿ. ನೀವು ಹೇಳಿದ ಹಾಳೆ 1991ರಲ್ಲಿ ಕ್ಲಾರ್ಕ್ ಮತ್ತು ಸಂಗಡಿಗರು ಪ್ರಕಟಿಸಿದ್ದಿರಬೇಕು. ಅದರ ಬೇರು ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ವಿಚಾರದಲ್ಲಿದೆ: ಮಾಡಬಲ್ಲೆ ಎಂಬ ನಂಬಿಕೆ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. ಅದಕ್ಕೇ ಪ್ರಶ್ನೆಗಳು ಐದು ಗುಂಪು: ಬೇಸರ-ಸಿಟ್ಟು, ತಿನಿಸು ಕೈಗೆಟಕುವುದು, ಇತರರ ಒತ್ತಾಯ, ದೇಹದ ತೊಂದರೆ, ಖುಷಿ-ವಿರಾಮ. ಗುಂಪಿಗೆ ನಾಲ್ಕು ಪ್ರಶ್ನೆ, 36 ಅಂಕ. ಒಟ್ಟು ಮೊತ್ತವನ್ನು ಬಿಡಿ. ಒತ್ತಾಯದ ಗುಂಪಿಗೆ ಎಷ್ಟು ಹಾಕಿದ್ದಿರಿ? ಹಾಳೆ ತುಂಬುವಾಗ ಹೊಟ್ಟೆ ತುಂಬಿತ್ತೇ?

ನವನಗರದ ಮಾಸ್ತರ
31. ಊಟ ಮಾಡಿಕೊಂಡೇ ಹೋಗಿದ್ದೆ.

ಕುಂದಾನಗರಿ ಅಕ್ಕ, ಬೆಳಗಾವಿ
ಮಾಸ್ತರರೇ, ನನಗೆ ಯಾರ ಒತ್ತಾಯವೂ ಬೇಕಿಲ್ಲ. ಕಚೇರಿಯಲ್ಲಿ ಮಾತು ಕೇಳಿ ಬಂದ ದಿನ ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡು, ನಿಂತಲ್ಲಿಯೇ ತಣ್ಣನೆಯ ಕುಂದಾವನ್ನು ಚಮಚದಲ್ಲಿ ಕೆರೆದು ತಿನ್ನುತ್ತೇನೆ. ಬಟ್ಟಲಿಗೆ ಹಾಕಿಕೊಂಡರೆ ತಿಂದದ್ದು ಲೆಕ್ಕಕ್ಕೆ ಬರುತ್ತದಲ್ಲ! ಸಿಟ್ಟಿನ ಗುಂಪಿನಲ್ಲಿ ನನಗೆ ಬಂದದ್ದು 8. ಅದನ್ನು ನೋಡಿದ ಮೇಲೆ ಕುಂದಾ ತಂದಿಡುವುದನ್ನೇ ನಿಲ್ಲಿಸಿದೆ.

ಇನ್ನೊಂದು. ಹಾಳೆಯಲ್ಲಿ ‘ಇತರರು’ ಎಂದಿದ್ದ ಕಡೆಯೆಲ್ಲ ಗೀಟು ಹಾಕಿ ‘ದೊಡ್ಡ ನಾದಿನಿ’ ಎಂದು ಬರೆದುಕೊಂಡೆ. 7 ಇದ್ದದ್ದು ಒಮ್ಮೆಲೇ 3ಕ್ಕೆ ಇಳಿಯಿತು.

ಗುಮ್ಮಟದೂರಿನವಳು
ಅಕ್ಕ, ಹಾಗೆ ತಿದ್ದಿದರೆ ಬೇರೆಯವರ ಅಂಕದೊಂದಿಗೆ ಹೋಲಿಸಲು ಬರುವುದಿಲ್ಲ. ವೈದ್ಯರಿಗೆ ಕೊಡುವ ಪ್ರತಿಯನ್ನು ಇದ್ದಂತೆಯೇ ತುಂಬಿ, ಮನೆಯ ಪ್ರತಿಯಲ್ಲಿ ನಾದಿನಿಯಿರಲಿ. 2012ರಲ್ಲಿ ಬಂದ ಎಂಟೇ ಪ್ರಶ್ನೆಗಳ ಚಿಕ್ಕ ರೂಪವೂ ಇದೆ, ಅಲ್ಲಿ ಅಂಕ 0ಯಿಂದ 10, ಎರಡನ್ನೂ ಬೆರೆಸಬೇಡಿ.

ನವನಗರದ ಮಾಸ್ತರ
ಅಕ್ಕ ಹೇಳಿದಂತೆ ‘ಅತ್ತೆ’ ಎಂದು ಬರೆದು ಮತ್ತೆ ತುಂಬಿದೆ. ಒತ್ತಾಯಕ್ಕೆ 36ಕ್ಕೆ 9, ಒಟ್ಟು 126. ಈಗ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಬನ್ನಿ ಎಂದು ಈಗಿನಿಂದಲೇ ಫೋನ್ ಬರುತ್ತಿದೆ. ಬುತ್ತಿಯಲ್ಲಿ ಶೇಂಗಾ ಹೋಳಿಗೆ ಇರುತ್ತದೆ, ಬಡಿಸುವವರು ಅತ್ತೆ. ಇದನ್ನು ಯಾವ ಗುಂಪಿಗೆ ಸೇರಿಸಲಿ?