ಮಿಸ್ಟ್ ಬ್ಲೋವರ್: ಕೊಳವೆ ಮೇಲೆತ್ತಿದರೆ ಗಾಳಿ ಮಾತ್ರ ಬರುತ್ತದೆ, ನೀರು ಬರುವುದಿಲ್ಲ

ತೀರ್ಥಹಳ್ಳಿ ಗುಡ್ಡದ ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಇಳಿಜಾರಿನ ಅರೇಬಿಕಾ ಕಾಫಿ ತೋಟ. ಕಳೆದ ಮಳೆಗಾಲ ಮುಗಿಯುವಾಗ ಎಲೆಗಳ ಅಡಿಯೆಲ್ಲ ತುಕ್ಕುರೋಗದ ಕಿತ್ತಳೆ ಬಣ್ಣದ ಹುಡಿ. ಸಾಲಿನ ನಡುವೆ ಒಮ್ಮೆ ಓಡಾಡಿ ಬಂದರೆ ಅಂಗಿಯ ತೋಳಿಗೆಲ್ಲ ಮೆತ್ತಿಕೊಳ್ಳುತ್ತಿತ್ತು. ಕೊಯ್ಲಿನ ಹೊತ್ತಿಗೆ ಎಷ್ಟೋ ಗಿಡಗಳಲ್ಲಿ ಹಣ್ಣಿತ್ತು, ಎಲೆ ಇರಲಿಲ್ಲ. ನೋಡಿ ಹೊಟ್ಟೆ ಉರಿಯಿತು.

ಈ ಸಲ ಮಳೆ ಹಿಡಿಯುವ ಮೊದಲೇ ಬೋರ್ಡೋ (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಸುಣ್ಣ ಸೇರಿಸಿದ ದ್ರಾವಣ) ಹೊಡೆಯಬೇಕೆಂದು, ಔಷಧಿಯನ್ನು ಗಾಳಿಯಲ್ಲಿ ಮಂಜಿನಂತೆ ಸಿಂಪಡಿಸುವ, ಬೆನ್ನಿಗೆ ಹಾಕಿಕೊಳ್ಳುವ ಪೆಟ್ರೋಲ್ ಮಿಸ್ಟ್ ಬ್ಲೋವರ್ ತಂದಿದ್ದೇನೆ. ಬೇರೆಯವರು ಬಳಸಿ ಬಿಟ್ಟದ್ದು. ಬರೀ ನೀರು ತುಂಬಿಸಿ ನೋಡಿದೆ. ಸೊಂಟದ ಮಟ್ಟದಲ್ಲಿ ಹಿಡಿದರೆ ಮಂಜು ದಟ್ಟವಾಗಿ ಬರುತ್ತದೆ. ಮೇಲಿನ ಸಾಲಿನ ಗಿಡದ ನೆತ್ತಿಗೆ ಎತ್ತಿದರೆ ಗಾಳಿ ಭರ್ರೆನ್ನುತ್ತದೆಯೇ ಹೊರತು ನೀರು ಇಲ್ಲವೆನ್ನುವಷ್ಟು ಕಡಿಮೆ. ನಳಿಕೆ, ಜರಡಿ ಎಲ್ಲ ಬಿಚ್ಚಿ ತೊಳೆದಾಯಿತು. ಎಂಜಿನ್ ಸದ್ದು ಒಂದೇ ಸಮ ಇದೆ. ತಪ್ಪು ಎಲ್ಲಿದೆ?

ಕೊಪ್ಪದ ರಿಪೇರಿಯವ

ಎಂಜಿನ್ ಚೆನ್ನಾಗಿದ್ದರೆ ಅದನ್ನು ಮುಟ್ಟಲೇಬೇಡಿ.

ಈ ಬಗೆಯ ಎಷ್ಟೋ ಯಂತ್ರಗಳಲ್ಲಿ ಔಷಧಿ ನೂಕುವುದಕ್ಕೆಂದು ಪಂಪು ಇರುವುದಿಲ್ಲ. ಫ್ಯಾನಿನ ಗಾಳಿಯಲ್ಲಿ ಒಂದಿಷ್ಟು ಸಣ್ಣ ಕೊಳವೆಯ ಮೂಲಕ ಟ್ಯಾಂಕಿನೊಳಗೆ ಹೋಗಿ ದ್ರಾವಣವನ್ನು ಮೇಲಿನಿಂದ ಒತ್ತುತ್ತದೆ. ಆ ಒತ್ತಡದ ಜೊತೆಗೆ, ನಳಿಕೆ ಟ್ಯಾಂಕಿಗಿಂತ ಕೆಳಗಿದ್ದರೆ ನೀರು ತಾನಾಗಿಯೇ ಇಳಿಯುತ್ತದೆ. ನಳಿಕೆಯನ್ನು ಟ್ಯಾಂಕಿಗಿಂತ ಮೇಲಕ್ಕೆ ಒಯ್ದಿರೋ, ಇಳಿಯುವ ಬಲ ಹೋಯಿತು, ಒತ್ತಡ ಒಂದೇ ಉಳಿಯಿತು. ಆ ಒತ್ತಡವೂ ಮುಚ್ಚಳದಲ್ಲಿ ಸೋರುತ್ತಿದ್ದರೆ ನೀವು ಹೇಳಿದ ಹಾಗೆಯೇ ಆಗುವುದು.

ಅಂದಾಜಿನ ಮೇಲೆ ಬಿಚ್ಚಲು ಹೋಗದೆ ಮೊದಲು ಅಳೆಯಿರಿ. ಟ್ಯಾಂಕಿಗೆ ಅಳೆದು ನೀರು ಹಾಕಿ, ಎಂಜಿನ್ ಪೂರ್ತಿ ವೇಗದಲ್ಲಿರಲಿ, ಒಂದು ಲೀಟರ್ ಹೋಗಲು ಎಷ್ಟು ಸೆಕೆಂಡ್ ಬೇಕೆಂದು ಮೊಬೈಲಿನಲ್ಲಿ ನೋಡಿ. ಸೊಂಟದ ಮಟ್ಟದಲ್ಲಿ ಒಮ್ಮೆ, ತಲೆಯ ಮೇಲೆ ಎತ್ತಿ ಒಮ್ಮೆ. ಆಮೇಲೆ ಯಂತ್ರವನ್ನು ನೆಲಕ್ಕಿಟ್ಟು, ಎಂಜಿನ್ ಓಡುತ್ತಿರುವಾಗಲೇ ಮುಚ್ಚಳದ ಸುತ್ತ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದ ಜಾಗವೇ ಸೋರುವ ಜಾಗ.

ತೀರ್ಥಹಳ್ಳಿ ಗುಡ್ಡದ ತೋಟ

ಸೊಂಟದ ಮಟ್ಟದಲ್ಲಿ 40 ಸೆಕೆಂಡ್. ತಲೆಯ ಮೇಲೆ 1 ನಿಮಿಷ 50 ಸೆಕೆಂಡ್. ಮುಚ್ಚಳದ ಒಂದು ಮಗ್ಗುಲಲ್ಲಿ ನೊರೆ ಬುಳುಬುಳು ಎಂದಿತು. ಬಿಚ್ಚಿದರೆ ವಾಷರ್ ಮೇಲೆ ಸಾಸಿವೆಯಷ್ಟು ದೊಡ್ಡ ಸುಣ್ಣದ ಹರಳು ಕಲ್ಲಿನಂತೆ ಕೂತಿದೆ. ಅದರ ಕೆಳಗೆ ರಬ್ಬರ್ ತಗ್ಗು ಬಿದ್ದಿದೆ. ಹಿಂದಿನವರು ಬೋರ್ಡೋ ಹೊಡೆದು ತೊಳೆಯದೆ ಇಟ್ಟಿರಬೇಕು. ಹೊಸ ವಾಷರ್ ಹಾಕಿದ ಮೇಲೆ ಮೇಲೆತ್ತಿದಾಗ 1 ನಿಮಿಷ 5 ಸೆಕೆಂಡಿಗೆ ಇಳಿಯಿತು. ಇಷ್ಟು ಸಾಕೇ?

ಕೊಪ್ಪದ ರಿಪೇರಿಯವ

ಸಮತಟ್ಟಿನ ತೋಟವಾಗಿದ್ದರೆ ಸಾಕು ಎನ್ನುತ್ತಿದ್ದೆ. ನಿಮ್ಮದು ಗುಡ್ಡ, ಮೇಲಿನ ಸಾಲಿಗೆ ಯಾವಾಗಲೂ ಎತ್ತಿಯೇ ಹೊಡೆಯಬೇಕು. ನಿಮ್ಮ ಮಾದರಿಗೆ ಹೊಂದುವ ಸಣ್ಣ ಪಂಪು ಸಿಗುವುದಾದರೆ ಕೂಡಿಸಿಕೊಳ್ಳಿ. ಸಿಗದಿದ್ದರೆ ಮೇಲಿನ ದಾರಿಯಲ್ಲಿ ನಿಂತು ಕೆಳಗಿನ ಸಾಲಿಗೆ ಹೊಡೆಯುತ್ತಾ ಬನ್ನಿ. ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸದೆ ಟ್ಯಾಂಕಿಗೆ ಹಾಕಬೇಡಿ, ಅದೇ ಹರಳು ಮತ್ತೆ ಬಂದು ಕೂರುತ್ತದೆ.

ಬಾಳೆಹೊನ್ನೂರು ಕಡೆಯ ಬೆಳೆಗಾರ

ನಡುವೆ ಮಾತಾಡುತ್ತಿದ್ದೇನೆ, ಕ್ಷಮಿಸಿ. ಮೇಲಿನಿಂದ ಹೊಡೆಯಿರಿ ಎಂಬ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಕಾಫಿ ಎಲೆಯ ಉಸಿರುರಂಧ್ರಗಳು ಇರುವುದು ಅಡಿಯಲ್ಲಿ. ತುಕ್ಕಿನ ಶಿಲೀಂಧ್ರ ಒಳಹೊಗುವುದೂ ಅಲ್ಲಿಂದಲೇ. ಬೋರ್ಡೋ ಎಲೆಯೊಳಗೆ ಇಳಿದು ಹರಡುವ ಔಷಧಿಯಲ್ಲ, ಬಿದ್ದಲ್ಲಿ ಮಾತ್ರ ಕಾಯುತ್ತದೆ. ಮೇಲ್ಮೈ ಎಷ್ಟು ನೀಲಿಯಾದರೂ ಅಡಿ ಖಾಲಿಯಿದ್ದರೆ ಹೊಡೆದದ್ದು ದಂಡ. ಕೊಳವೆಯನ್ನು ಗಿಡದ ಬುಡದ ಕಡೆಯಿಂದ ಮೇಲ್ಮುಖವಾಗಿ ತಿರುಗಿಸಿ, ಗಾಳಿಗೆ ಎಲೆ ಮಗುಚಬೇಕು.

ಅಡಿಗೆ ಬಿತ್ತೋ ಇಲ್ಲವೋ ತಿಳಿಯಲು ನಾನು ಮಾಡುವುದು ಇಷ್ಟು. ಬಿಳಿ ಕಾಗದವನ್ನು ಅರಿಶಿನದ ನೀರಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ, ಬೆರಳಗಲದ ಪಟ್ಟಿ ಕತ್ತರಿಸಿ, ಗಿಡದ ಕೆಳಗೆ, ನಡುವೆ, ನೆತ್ತಿಯಲ್ಲಿ ಎಲೆಯ ಅಡಿಗೆ ಸಿಕ್ಕಿಸುತ್ತೇನೆ. ಟ್ಯಾಂಕಿಗೆ ಸೋಸಿದ ತಿಳಿ ಸುಣ್ಣದ ನೀರು. ಹನಿ ತಾಗಿದಲ್ಲೆಲ್ಲ ಓಕುಳಿಯ ಹಾಗೆ ಕೆಂಪು ಚುಕ್ಕೆ ಏಳುತ್ತದೆ. ಬರೀ ಇಬ್ಬನಿಗೆ ಕೆಂಪಾಗುವುದಿಲ್ಲ, ಆದ್ದರಿಂದ ಮೋಸವಿಲ್ಲ. ಒಣಗುವ ಮೊದಲೇ ನೋಡಿಬಿಡಿ. ಕಣ್ಣಿಗೆ ಕನ್ನಡಕ ಇರಲೇಬೇಕು, ಸುಣ್ಣ ಕಣ್ಣಿಗೆ ಬಿದ್ದರೆ ತಮಾಷೆಯಲ್ಲ.

ಇನ್ನೊಂದು. ತುಕ್ಕಿಗೆ 0.5 ಶೇಕಡಾ ಬೋರ್ಡೋ, ಅಂದರೆ 200 ಲೀಟರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಕೈಪಂಪಿನಲ್ಲಿ ಒಂದು ಡ್ರಮ್ಮು ಎಷ್ಟು ಗಿಡಕ್ಕೆ ಬರುತ್ತಿತ್ತು, ಈ ಯಂತ್ರದಲ್ಲಿ ಎಷ್ಟಕ್ಕೆ ಬರುತ್ತದೆ, ಎಣಿಸಿ. ಎರಡು ಪಟ್ಟು ಗಿಡ ಮುಗಿದರೆ ಒಂದೊಂದು ಗಿಡಕ್ಕೆ ಹೋಗುವ ತಾಮ್ರ ಅರ್ಧವಾಯಿತು. ಹಾಗೆಂದು ನಾವೇ ಗಟ್ಟಿ ಮಾಡಿಕೊಳ್ಳುವುದು ಬೇಡ. ಇಲ್ಲಿಯ ಕಾಫಿ ಸಂಶೋಧನಾ ಕೇಂದ್ರದಲ್ಲಿ ಕೇಳಿ ನಿರ್ಧರಿಸಿ.

ಕೊಪ್ಪದ ರಿಪೇರಿಯವ

ಒಪ್ಪಿದೆ ಮಾರಾಯರೇ. ನಾನು ಯಂತ್ರವನ್ನಷ್ಟೇ ನೋಡಿ ಹೇಳಿದ್ದೆ.

ತೀರ್ಥಹಳ್ಳಿ ಗುಡ್ಡದ ತೋಟ

ಪಂಪು ಸಿಕ್ಕಿತು, ಕೂಡಿಸಿದೆ. ಈಗ ಎತ್ತಿ ಹಿಡಿದರೂ 45 ಸೆಕೆಂಡ್. ಅರಿಶಿನದ ಪಟ್ಟಿಯನ್ನು ಹತ್ತು ಗಿಡಕ್ಕೆ ಕಟ್ಟಿ ನೋಡಿದೆವು. ನಾನು ಹೊಡೆದ ಸಾಲಿನಲ್ಲಿ ನಡುವಿನ ಪಟ್ಟಿಗಳು ಹಳದಿಯಾಗಿಯೇ ಉಳಿದವು, ಅವಸರವಾಗಿ ನಡೆದಿದ್ದೆ. ಎರಡನೆಯ ಸಲ ಪ್ರತಿ ಗಿಡದ ಎರಡೂ ಮಗ್ಗುಲಿನಿಂದ, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಹೊಡೆದಾಗ ಮೂರೂ ಕಡೆ ಕೆಂಪು ಚುಕ್ಕೆ ಒತ್ತಾಗಿ ಎದ್ದವು. ಡ್ರಮ್ಮಿನ ಲೆಕ್ಕ ಹಿಡಿದುಕೊಂಡು ಸೋಮವಾರ ಬಾಳೆಹೊನ್ನೂರಿಗೆ ಹೋಗುತ್ತೇನೆ. ಅಲ್ಲಿಂದ ಬಂದ ರಾತ್ರಿಯೇ ಮೈಲುತುತ್ತ ನೆನೆಹಾಕುವುದು.