ಜಿ-ಎಚ್ ಜೋಡಿ: ಎಲ್ಲಿ ಗ, ಎಲ್ಲಿ ಫ, ಎಲ್ಲಿ ಮೌನ?

ಪ್ರಶ್ನೆ | ಕಾಗುಣಿತ
ಇಂಗ್ಲಿಷ್ ಪದಗಳಲ್ಲಿ ಜಿ ಮತ್ತು ಎಚ್ ಒಟ್ಟಿಗೆ ಬಂದರೆ ಹೇಗೆ ಓದಬೇಕು? ಘೋಸ್ಟ್‌ನಲ್ಲಿ ಒಂದು ಥರ, ನೈಟ್‌ನಲ್ಲಿ ಸದ್ದೇ ಇಲ್ಲ, ಲಾಫ್‌ನಲ್ಲಿ ಫ. ಆರನೇ ತರಗತಿಯ ಮಕ್ಕಳಿಗೆ ಹೇಳಿಕೊಡಬೇಕಿದೆ. ಬಾಯಿಪಾಠ ಮಾಡಿಸುವುದು ಬಿಟ್ಟು ಬೇರೆ ಏನಾದರೂ ಹಿಡಿತ ಇದೆಯೇ? ಬರೆಯುವಾಗಲೂ ಗೋಳು: ಹೈಟ್‌ಗೆ ಟಿ ಮೊದಲೋ ಎಚ್ ಮೊದಲೋ, ಕಾಟ್‌ಗೆ ಎ-ಯು ಬರಬೇಕೋ ಓ-ಯು ಬರಬೇಕೋ?

ಉತ್ತರ 1 | ಒತ್ತಕ್ಷರ
ಜೋಡಿ ಪದದಲ್ಲಿ ಎಲ್ಲಿ ಕೂತಿದೆ, ಅದರ ಹಿಂದೆ ಯಾವ ಅಕ್ಷರ ಇದೆ ಎಂದು ನೋಡಿದರೆ ಮುಕ್ಕಾಲು ಗೊಂದಲ ಕಳೆಯುತ್ತದೆ.

ಪದದ ಮೊದಲಲ್ಲೇ ಇದ್ದರೆ ಗ. ಗೋಸ್ಟ್, ಗೆಟ್ಟೋ, ಗೂಲ್, ಗರ್ಕಿನ್, ಗಾನಾ. ಕನ್ನಡದ ಕೈ ಜಿ-ಎಚ್ ಕಂಡ ತಕ್ಷಣ 'ಘ' ಬರೆದುಬಿಡುತ್ತದೆ. ನಿಮ್ಮ ಪ್ರಶ್ನೆಯಲ್ಲೇ ಹಾಗಾಗಿದೆ. ಇಂಗ್ಲಿಷಿನಲ್ಲಿ ಮಹಾಪ್ರಾಣದ ಘ ಇಲ್ಲ. ಗೋಟ್‌ನ ಗ, ಗೋಸ್ಟ್‌ನ ಗ ಎರಡೂ ಒಂದೇ. ಘಾಟ್, ಘರಿಯಾಲ್ ಇಲ್ಲಿಂದ ಅಲ್ಲಿಗೆ ಹೋದ ಪದಗಳಾದರೂ ಅಲ್ಲಿ ಅವುಗಳ ಉಚ್ಚಾರಣೆ ಬರೀ ಗ.

ಐ ಅಕ್ಷರದ ಬೆನ್ನಿಗೆ ಬಂದರೆ ಮೌನ. ಹೈ, ಸೈ, ಲೈಟ್, ಬ್ರೈಟ್, ವೇಟ್, ನೇಬರ್, ಸ್ಟ್ರೇಟ್. ಇಲ್ಲಿ ಎಂದೂ ಫ ಬರುವುದಿಲ್ಲ. ಮೌನ ಅಂದಮಾತ್ರಕ್ಕೆ ದಂಡಕ್ಕೆ ಕೂತಿಲ್ಲ: ಸಿಟ್‌ನ ನಡುವೆ ಈ ಜೋಡಿ ಸೇರಿಸಿದರೆ ಸೈಟ್, ಫಿಟ್‌ಗೆ ಸೇರಿಸಿದರೆ ಫೈಟ್, ಲಿಟ್‌ಗೆ ಸೇರಿಸಿದರೆ ಲೈಟ್. ಮಕ್ಕಳಿಗೆ ಈ ಮೂರು ಜೊತೆಗಳನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿ, ವಿವರಣೆಯೇ ಬೇಡ.

ತಲೆನೋವು ಇರುವುದು ಯು ಅಕ್ಷರದ ಬೆನ್ನಿಗೆ ಬಂದಾಗ. ಜೋಡಿಯಾದ ಮೇಲೆ ಟಿ ಇದ್ದರೆ ಮೌನ ಎಂದೇ ಹಿಡಿಯಿರಿ: ಥಾಟ್, ಬಾಟ್, ಡಾಟರ್, ಸ್ಲಾಟರ್, ನಾಟಿ. ತಪ್ಪಿಸಿಕೊಳ್ಳುವವು ಎರಡು: ಲಾಫ್ಟರ್, ಮತ್ತು ಗಾಳಿಯ ಸೆಳೆತ ಎಂಬ ಅರ್ಥದ ಡ್ರಾಫ್ಟ್. ಪದ ಅಲ್ಲಿಗೇ ಮುಗಿದರೆ ನಿಯಮವಿಲ್ಲ, ಪಟ್ಟಿಯೇ ಗತಿ. ಆದರೆ ಫ ಬರುವ ಪಟ್ಟಿ ಪುಟ್ಟದು: ಲಾಫ್, ಕಾಫ್, ರಫ್, ಟಫ್, ಇನಫ್, ದನಕರು ನೀರು ಕುಡಿಯುವ ತೊಟ್ಟಿಯಾದ ಟ್ರಾಫ್. ಈ ಆರನ್ನು ಒಂದು ಚೀಟಿಯಲ್ಲಿ ಬರೆಸಿ. ಅದರಲ್ಲಿ ಇಲ್ಲದ್ದು ಮೌನ ಎಂದರೆ ಆ ತರಗತಿಗೆ ಸಾಕು. ದೋ, ಡೋ, ಥ್ರೂ, ಬೌ, ಪ್ಲೌ ಎಲ್ಲ ಮೌನದ ಕಡೆ. ಎರಡೂ ಕಡೆ ಕಾಲಿಟ್ಟದ್ದು ಒಂದಿದೆ: ಒಂದೇ ಕಾಗುಣಿತವನ್ನು ಹಾವು ಪೊರೆ ಬಿಡುವುದಕ್ಕೆ ಸ್ಲಫ್ ಎಂದೂ, ಕೆಸರಿನ ಹೊಂಡಕ್ಕೆ ಸ್ಲೌ ಎಂದೂ ಓದುತ್ತಾರೆ. ಅದನ್ನು ಮಕ್ಕಳ ಮುಂದೆ ತರಬೇಡಿ.

ದೋ, ಥ್ರೂ, ಟಫ್, ಥಾಟ್, ಥರೋ ಇವನ್ನೆಲ್ಲ ಒಂದೇ ದಿನ ಸಾಲಾಗಿ ಬರೆದು 'ಇಂಗ್ಲಿಷ್ ಎಷ್ಟು ವಿಚಿತ್ರ ನೋಡಿ' ಎನ್ನುವ ಚಾಳಿ ಇದೆ. ನಗು ಬರುತ್ತದೆ, ಪಾಠ ಹತ್ತುವುದಿಲ್ಲ. ಐ ಗುಂಪು ಪೂರ್ತಿ ಕೈಗೆ ಬಂದಮೇಲೆ ಯು ಗುಂಪಿಗೆ ಹೋಗಿ.

ಉತ್ತರ 2 | ಅರ್ಧವಿರಾಮ
ಬರವಣಿಗೆಯ ಎರಡು ಪ್ರಶ್ನೆಗೂ ಗಟ್ಟಿ ಉತ್ತರ ಇದೆ.

ಟಿ ಮೊದಲೋ ಎಚ್ ಮೊದಲೋ: ಜಿ ಹಿಂದೆ ಎನ್ ಇದ್ದರೆ ಮಾತ್ರ ಜಿ-ಟಿ-ಎಚ್. ಲೆಂಗ್ತ್, ಸ್ಟ್ರೆಂಗ್ತ್. ಎನ್ ಇಲ್ಲದಿದ್ದರೆ ಜಿ-ಎಚ್-ಟಿ. ಹೈಟ್‌ನಲ್ಲಿ ಎನ್ ಇಲ್ಲ, ಹಾಗಾಗಿ ಎಚ್-ಇ-ಐ-ಜಿ-ಎಚ್-ಟಿ. ಲೆಂಗ್ತ್, ವಿಡ್ತ್, ಡೆಪ್ತ್ ಜೊತೆಯಲ್ಲೇ ಕಲಿಸುವುದರಿಂದ ಇದಕ್ಕೂ ಕೊನೆಯಲ್ಲಿ 'ತ್' ಅಂಟಿಸುತ್ತಾರೆ, ತಪ್ಪಿನ ಮೂಲ ಅದೇ. ಎಂಟನೆಯದು ಎಂಬ ಅರ್ಥದ ಏಟ್ತ್ ಮಾತ್ರ ಹುಷಾರು: ಜಿ-ಎಚ್-ಟಿ-ಎಚ್, ಟಿ ಒಂದೇ.

ಎ-ಯು ಅಥವಾ ಓ-ಯು: ಮೂಲ ಕ್ರಿಯಾಪದದಲ್ಲಿ ಎ ಇದೆಯೇ ನೋಡಿ. ಕ್ಯಾಚ್, ಟೀಚ್ ಎರಡರಲ್ಲೂ ಎ ಇದೆ, ಆದ್ದರಿಂದ ಕಾಟ್, ಟಾಟ್ ಎರಡಕ್ಕೂ ಎ-ಯು. ಬೈ, ಬ್ರಿಂಗ್, ಥಿಂಕ್, ಫೈಟ್, ಸೀಕ್‌ಗಳಲ್ಲಿ ಎ ಇಲ್ಲ, ಅವುಗಳ ಭೂತಕಾಲಕ್ಕೆ ಓ-ಯು. ಬಾಟ್, ಬ್ರಾಟ್ ಅದಲುಬದಲಾಗುತ್ತಿದ್ದರೆ ಆರ್ ಹುಡುಕಲು ಹೇಳಿ: ಬ್ರಿಂಗ್‌ನಲ್ಲಿ ಆರ್ ಇದೆ, ಬ್ರಾಟ್‌ನಲ್ಲೂ ಇದೆ.

ಉತ್ತರ 3 | ಹಳೆಪದ
'ಯಾಕೆ ಸಾರ್ ಹೀಗೆ' ಎಂದು ಕೇಳುವ ಮಗು ಒಂದಾದರೂ ಇರುತ್ತದೆ, ಅದಕ್ಕಾಗಿ. ಹಳೆಯ ಇಂಗ್ಲಿಷಿನಲ್ಲಿ ಈ ಜಾಗದಲ್ಲಿ ನಿಜವಾಗಿಯೂ ಒಂದು ಸದ್ದಿತ್ತು, ಗಂಟಲು ಕೆರೆದಂತೆ ಬರುವ 'ಖ್ಹ'. ಜರ್ಮನ್‌ನಲ್ಲಿ ಅದು ಇನ್ನೂ ಜೀವಂತ: ನೈಟ್‌ಗೆ ನಾಖ್ಟ್, ಡಾಟರ್‌ಗೆ ಟೋಖ್ಟರ್. ಮೊದಲು ಬರೀ ಎಚ್ ಬರೆಯುತ್ತಿದ್ದರು. ನಾರ್ಮನ್ ಆಳ್ವಿಕೆಯ ನಂತರ ಲಿಪಿಕಾರರು ಜಿ-ಎಚ್ ರೂಢಿಗೆ ತಂದರು. ಆಮೇಲೆ ಸದ್ದು ಕೆಲವೆಡೆ ಸತ್ತಿತು, ಕೆಲವೆಡೆ ಫ ಆಯಿತು, ಬರಹ ಮಾತ್ರ ನಿಂತಿತು.

ಡಿಲೈಟ್ ಈ ಮನೆಯದಲ್ಲ. ಫ್ರೆಂಚ್ ಮೂಲದ ಪದ, ಜಿ-ಎಚ್ ಇರಲೇ ಇಲ್ಲ. ಲೈಟ್ ನೋಡಿ ತುರುಕಿದ್ದು. ಗೋಸ್ಟ್‌ನ ಎಚ್ ಕೂಡ ತಡವಾಗಿ ಬಂದದ್ದು. 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ ವಿಲಿಯಂ ಕ್ಯಾಕ್ಸ್‌ಟನ್ ಅದಕ್ಕೂ ಮೊದಲು ಫ್ಲಾಂಡರ್ಸ್‌ನಲ್ಲಿದ್ದವನು, ಅಲ್ಲಿನ ಕಾಗುಣಿತದ ಪ್ರಭಾವ ಇದು ಎನ್ನುತ್ತಾರೆ.

ಉತ್ತರ 4 | ಪದಬೇಟೆ
ಸಮಾಸಪದಗಳನ್ನು ಯಾರೂ ಹೇಳಲಿಲ್ಲ. ಡಾಗ್‌ಹೌಸ್, ಫಾಗ್‌ಹಾರ್ನ್, ಎಗ್‌ಹೆಡ್, ಬಿಗ್‌ಹಾರ್ನ್: ಇಲ್ಲಿ ಜಿ ಒಂದು ಪದದ್ದು, ಎಚ್ ಇನ್ನೊಂದರದ್ದು, ಎರಡನ್ನೂ ಬಿಡಿಸಿ ಓದಬೇಕು. ಬಿಗ್‌ಹಾರ್ನ್‌ನಲ್ಲಿ ಐ ಹಿಂದೆಯೇ ಇದೆ, ಒತ್ತಕ್ಷರ ಅವರ ನಿಯಮಕ್ಕೆ ಈ ತಿದ್ದುಪಡಿ ಸೇರಿಸಿ. ಸ್ಪಗೆಟಿಯ ಎಚ್ ಇಟಾಲಿಯನ್ ಲೆಕ್ಕ: ಮುಂದೆ ಇ ಅಥವಾ ಐ ಬಂದಾಗ ಜಿ 'ಜ' ಆಗದಂತೆ ಕಾಯಲು.

ಜಿ-ಎಚ್-ಓ-ಟಿ-ಐ ಎಂದು ಬರೆದು, ಇನಫ್‌ನ ಜಿ-ಎಚ್, ವಿಮೆನ್‌ನ ಓ, ನೇಷನ್‌ನ ಟಿ-ಐ ಹಿಡಿದು 'ಫಿಶ್' ಎಂದು ಓದುವ ಹಳೇ ತಮಾಷೆಯನ್ನು ಯಾರಾದರೂ ತಂದೇ ತರುತ್ತಾರೆ. ಪದದ ಮೊದಲಲ್ಲಿ ಈ ಜೋಡಿ ಫ ಆಗದು, ಅಲ್ಲಿಗೆ ಅದು ಬಿತ್ತು. ಬರ್ನಾರ್ಡ್ ಶಾ ಮಾಡಿದ್ದೂ ಅಲ್ಲ. 1855ರ ಪತ್ರವೊಂದರಲ್ಲೇ ಇದೆ, ಶಾ ಹುಟ್ಟಿದ್ದು 1856ರಲ್ಲಿ.

ಕಾಗುಣಿತ
ಘೋಸ್ಟ್ ತಿದ್ದುವುದಿಲ್ಲ, ಉದಾಹರಣೆಗೆ ಇರಲಿ. ಇನ್ನೊಂದು: ಕೆಲವು ಪುಸ್ತಕಗಳಲ್ಲಿ ಪ್ಲೌಗೆ ಓ-ಡಬ್ಲ್ಯು, ಡ್ರಾಫ್ಟ್‌ಗೆ ಎಫ್-ಟಿ ಇದೆ. ಅಚ್ಚಿನ ತಪ್ಪೇ?

ಅರ್ಧವಿರಾಮ
ಅಲ್ಲ, ಅಮೆರಿಕನ್ ಕಾಗುಣಿತ. ಯಾವುದಾದರೂ ಒಂದನ್ನು ಹಿಡಿದು ಪುಸ್ತಕ ಮುಗಿಯುವವರೆಗೆ ಬದಲಿಸಬೇಡಿ. ಬರಗಾಲದ ಡ್ರೌಟ್ ಮಾತ್ರ ಎರಡೂ ಕಡೆ ಜಿ-ಎಚ್-ಟಿಯೇ, ಅದಕ್ಕೆ ಎಫ್ ಹಾಕಿಸಿಬಿಟ್ಟೀರಿ.