‘ಪ್ರಾಯದ ವಿದ್ಯಾರ್ಥಿ’ ಅಂದರೆ ಹುಡುಗನೋ, ಅಜ್ಜನೋ?

ಪ್ರಶ್ನೆ

ಮಾನ್ಯರೇ, ವಿರಾಜಪೇಟೆಯ ಕಾಲೇಜು ಹುಡುಗರಿಗೆ ತೋರಿಸಲು 1986ರ ಅಮೆರಿಕನ್ ಹಾಸ್ಯಚಿತ್ರ ‘ಬ್ಯಾಕ್ ಟು ಸ್ಕೂಲ್’ಗೆ ಕನ್ನಡ ಸಬ್‌ಟೈಟಲ್ ಸಿದ್ಧವಾಗುತ್ತಿದೆ. ಬಟ್ಟೆ ಅಂಗಡಿಗಳ ಸಾಹುಕಾರ ಥಾರ್ನ್‌ಟನ್ ಮೆಲನ್, ಮಗ ಓದುತ್ತಿರುವ ವಿಶ್ವವಿದ್ಯಾಲಯಕ್ಕೇ ತಾನೂ ಸೇರುವ ಕತೆ. ಪೋಸ್ಟರಿನಲ್ಲಿ ಅವನನ್ನು ವಯಸ್ಕ ವಿದ್ಯಾರ್ಥಿ ಎನ್ನಬೇಕೋ, ಹಿರಿಯ ವಿದ್ಯಾರ್ಥಿ ಎನ್ನಬೇಕೋ, ಪ್ರಾಯದ ವಿದ್ಯಾರ್ಥಿ ಎನ್ನಬೇಕೋ? ಡೀನ್, ಫ್ರೆಶ್‌ಮನ್, ವಿಜೆಟ್ (ಲೆಕ್ಕದ ಉದಾಹರಣೆಗೆ ಇಟ್ಟುಕೊಳ್ಳುವ ಕಲ್ಪನೆಯ ಸರಕು) ಎಂಬ ಪದಗಳಿಗೆ ಏನು ಮಾಡುವುದು?

ಉತ್ತರ 1

ಮೂರೂ ಬೇಡ. ಮೊದಲು ‘ಪ್ರಾಯ’ ನೋಡಿ, ಕೊಡಗಿನಲ್ಲಿ ಜಾರುವುದು ಅಲ್ಲೇ. ಸಂಪಾಜೆ, ಸುಳ್ಯದ ಕಡೆ ‘ನಿಮಗೆ ಪ್ರಾಯ ಎಷ್ಟು?’ ಎಂದರೆ ಬರೀ ವಯಸ್ಸು ಕೇಳಿದಂತೆ; ತುಳುವಿನಲ್ಲೂ ಮಲಯಾಳದಲ್ಲೂ ಅದೇ ಅರ್ಥ. ‘ಅವರಿಗೆ ಪ್ರಾಯ ಆಯ್ತು’ ಎಂದರೆ ಮುದುಕರಾದರು ಎಂದು. ಕುಶಾಲನಗರ ದಾಟಿ ಮೈಸೂರಿನ ಕಡೆ ಹೋದರೆ ಮಾತು ತಲೆಕೆಳಗಾಗುತ್ತದೆ. ಅಲ್ಲಿ ‘ಪ್ರಾಯದ ಹುಡುಗ’ ಎಂದರೆ ಹರೆಯದವನು, ‘ಪ್ರಾಯಕ್ಕೆ ಬಂದ ಮಗಳು’ ಎಂದರೆ ಮದುವೆಯ ವಯಸ್ಸಿನವಳು. ಎರಡೂ ಕಡೆಯ ಹುಡುಗರು ಒಂದೇ ಹಾಲ್‌ನಲ್ಲಿ ಕೂತಿರುವಾಗ ‘ಪ್ರಾಯದ ವಿದ್ಯಾರ್ಥಿ’ ಎಂದು ಬರೆದರೆ, ಅರ್ಧ ಜನ ಪ್ರೇಮಕತೆ ಎಂದುಕೊಂಡು ಬರುತ್ತಾರೆ. ‘ಪ್ರಾಯ ಆದ’ ಎಂದು ಕ್ರಿಯಾಪದ ಸೇರಿಸಿದರೆ ಪಡುವಣದವರಿಗೆ ಗೊಂದಲವಿಲ್ಲ, ಮೂಡಣದವರಿಗೆ ಮಾತ್ರ ಅದು ಪರವೂರಿನ ಮಾತು.

‘ಹಿರಿಯ ವಿದ್ಯಾರ್ಥಿ’ಗೆ ಬೇರೆ ರೋಗ. ಕಾಲೇಜು ಬಿಟ್ಟು ಹೋದವರ ಸಂಘಕ್ಕೂ ಅದೇ ಹೆಸರು, ಮೇಲಿನ ತರಗತಿಯ ಸೀನಿಯರ್‌ಗೂ ಅದೇ. ಮೆಲನ್ ಇವೆರಡೂ ಅಲ್ಲ, ಅವನು ಮೊದಲ ವರ್ಷದವನು. ಆದರೆ ಈ ಗೊಂದಲವನ್ನೇ ಸಬ್‌ಟೈಟಲಿನಲ್ಲಿ ತಮಾಷೆಗೆ ದುಡಿಸಿಕೊಳ್ಳಬಹುದು: ಕ್ಲಾಸಿಗೆ ಜೂನಿಯರ್, ಬಸ್ಸಿಗೆ ಸೀನಿಯರ್ ಸಿಟಿಜನ್.

‘ವಯಸ್ಕ’ ಅಂತೂ ಖಂಡಿತ ಬೇಡ. ಒಂದು ಕಡೆ ಅದು ವಯಸ್ಕರ ಶಿಕ್ಷಣ, ಅಂದರೆ ಸ್ಲೇಟು, ಬಳಪ, ರಾತ್ರಿಶಾಲೆ. ಇನ್ನೊಂದು ಕಡೆ, ಸಿನಿಮಾ ಪೋಸ್ಟರಿನ ಮೇಲೆ ‘ವಯಸ್ಕ’ ಎಂದು ಕಂಡರೆ ಜನ ಏನು ತಿಳಿಯುತ್ತಾರೆ ಎಂದು ಹೇಳಬೇಕಾಗಿಲ್ಲ.

ಹಾಗಾದರೆ ಏನು? ವಿಶೇಷಣ ಹುಡುಕುವುದನ್ನು ಬಿಡಿ. ಕತೆಯ ನಗು ವಯಸ್ಸಿನಲ್ಲಿಲ್ಲ, ನಂಟಿನಲ್ಲಿದೆ. ‘ಮಗನ ಕಾಲೇಜಿಗೆ ಅಪ್ಪನ ಅಡ್ಮಿಷನ್’ ಎಂದು ಬರೆಯಿರಿ. ಶೀರ್ಷಿಕೆಯನ್ನು ‘ಮರಳಿ ಶಾಲೆಗೆ’ ಎಂದು ಮಾತ್ರ ಮಾಡಬೇಡಿ. ಅಮೆರಿಕದವರು ವಿಶ್ವವಿದ್ಯಾಲಯವನ್ನೂ ಸ್ಕೂಲ್ ಎನ್ನುತ್ತಾರೆ, ನಮ್ಮಲ್ಲಿ ಸ್ಕೂಲ್ ಹತ್ತನೇ ಕ್ಲಾಸಿಗೇ ಮುಗಿಯುತ್ತದೆ.

‘ಡೀನ್’ ಹಾಗೇ ಇರಲಿ. ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಮುಖ್ಯಸ್ಥರೂ ಡೀನ್ ಆದ್ದರಿಂದ ಇಲ್ಲಿ ಅದು ಹೊಸ ಪದವಲ್ಲ. ‘ಪ್ರಾಂಶುಪಾಲ’ ಎಂದು ಬದಲಿಸಿದರೆ ಒಂದು ಚೇಷ್ಟೆಯೂ ಸತ್ತುಹೋಗುತ್ತದೆ: ಚಿತ್ರದ ಡೀನ್ ಅವರ ಮನೆತನದ ಹೆಸರು ಮಾರ್ಟಿನ್, ಸೇರಿಸಿ ಕರೆದರೆ ಹಾಡುಗಾರ ಡೀನ್ ಮಾರ್ಟಿನ್. ಫ್ರೆಶ್‌ಮನ್‌ಗೆ ‘ಫಸ್ಟ್ ಇಯರ್’ ಸಾಕು.

‘ವಿಜೆಟ್’ಗೆ ಅನುವಾದ ಬೇಡ. ಅರ್ಥಶಾಸ್ತ್ರದ ಮೇಷ್ಟ್ರು ಕಲ್ಪನೆಯ ಕಾರ್ಖಾನೆಯ ಲೆಕ್ಕ ಹಾಕುವಾಗ ಮೆಲನ್ ‘ಏನು ತಯಾರಿಸ್ತೀರಿ?’ ಎಂದು ಪಟ್ಟು ಹಿಡಿಯುತ್ತಾನೆ. ಅಲ್ಲಿ ಮೇಷ್ಟ್ರ ಬಾಯಲ್ಲಿ ‘ಇಂಥದ್ದೊಂದು ಅಂತಿಟ್ಕೊಳ್ಳಿ’ ಬರಬೇಕು. ನಮ್ಮ ಗಣಿತದ ಮೇಷ್ಟ್ರುಗಳ ಮಾತೂ ಅದೇ ತಾನೆ. ಮೆಲನ್ ಲೆಕ್ಕಕ್ಕೆ ಸೇರಿಸುವ ಕಳ್ಳ ಖರ್ಚಿಗೆ ‘ಲಂಚ’ಕ್ಕಿಂತ ‘ಮಾಮೂಲು’ ಚೆನ್ನ, ಯಾಕೆಂದರೆ ಅವನಿಗದು ತಪ್ಪಲ್ಲ, ವಾಡಿಕೆ. ಕಾರ್ಖಾನೆ ಎಲ್ಲಿ ಕಟ್ಟೋಣ ಎಂದಾಗ ಅವನು ಹೇಳುವ ‘ಫ್ಯಾಂಟಸಿಲ್ಯಾಂಡ್’ಗೆ ‘ಗಾಳಿಗೋಪುರದ ಪಕ್ಕ ಕಟ್ಟಿ’ ಎಂದರೆ ಕಟ್ಟುವ ಮಾತಿಗೆ ಕಟ್ಟಡವೇ ಸಿಕ್ಕಿತು.

ಉತ್ತರ 2

ಮೇಲಿನದನ್ನು ಒಪ್ಪುತ್ತೇನೆ, ಎರಡು ಸೇರಿಸುತ್ತೇನೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’, ಕನ್ನಡದಲ್ಲಿ ಮೊದಲ ಸಾಲಿನಲ್ಲೇ ನೀನು, ನೀವು ತೀರ್ಮಾನವಾಗಬೇಕು. ಪಾತ್ರಕ್ಕೊಂದು ಪಟ್ಟಿ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ನಡುವೆ ತಪ್ಪುತ್ತದೆ. ಮಗ ಅಪ್ಪನಿಗೆ ‘ನೀನು’. ಕಾರು ಓಡಿಸುವ ಲೂ ‘ಧಣಿ, ನೀವು’. ಮೇಷ್ಟ್ರು ತಣ್ಣಗಿನ ‘ನೀವು’, ಅವಮಾನ ಮಾಡುವಾಗಲೂ ‘ನೀವು’ ಬಿಡಬಾರದು, ಚುಚ್ಚುವುದೇ ಅದು. ಸಹಪಾಠಿಗಳ ಬಾಯಿಗೆ ಇಲ್ಲಿ ‘ತಾತ’ ಒಗ್ಗುವುದಿಲ್ಲ, ‘ಅಂಕಲ್’ ಇರಲಿ.

ಎರಡನೆಯದು ವೊನೆಗಟ್ ದೃಶ್ಯ. ಅಮೆರಿಕದ ಲೇಖಕ ಕರ್ಟ್ ವೊನೆಗಟ್ ಬಗ್ಗೆ ಪ್ರಬಂಧ ಬರೆಯಲು ಮೆಲನ್ ವೊನೆಗಟ್‌ನನ್ನೇ ಕರೆಸುತ್ತಾನೆ. ಬರೆದವನಿಗೆ ವೊನೆಗಟ್ ಗೊತ್ತೇ ಇಲ್ಲ ಎಂದು ಟೀಚರ್ ಹೇಳುತ್ತಾಳೆ. ಅಲ್ಲಿ ‘ವೊನೆಗಟ್‌ನ ಗಂಧಗಾಳಿಯೂ ಇಲ್ಲ’ ಸರಿಯಾಗಿ ಕೂರುತ್ತದೆ. ಆದರೆ ವೊನೆಗಟ್ ಬಾಗಿಲಲ್ಲಿ ಕಾಣಿಸಿಕೊಂಡಾಗಲೇ ಸಾಲಿನಲ್ಲಿ ‘ಲೇಖಕ’ ಎಂಬ ಪದ ಸೇರಿಸಿ. ಅದು ಬಿಟ್ಟರೆ ಆ ಹೆಸರು ಕೇಳದ ಹುಡುಗರಿಗೆ ಮುಂದಿನ ನಗು ಹತ್ತುವುದೇ ಇಲ್ಲ.

ಒಂದು ಸಲಕ್ಕೆ ಎರಡು ಸಾಲು ಮೀರಬೇಡಿ, ತುಂಬಿದ ಎರಡು ಸಾಲಿಗೆ ಸುಮಾರು 6 ಸೆಕೆಂಡು ಕೊಡಿ. ಸಾಲಿನ ನಡುವಿನ ಅಂತರವನ್ನೂ ಹೆಚ್ಚಿಸಿ. ಇಂಗ್ಲಿಷಿಗೆ ಹೊಂದಿಸಿದ ಅಂತರದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ‘ಪ್ರಾಯ’ವೂ ‘ಪಾಯ’ವೂ ಒಂದೇ ಆಗಿ ಕಾಣುತ್ತವೆ.